ಸೂಜಿ ನಮ್ಮ ಕೈಗೆ, ಪೆನ್ನು ಅವರ ಜೇಬಿಗೆ

ಈ ದೇಶದ ಆಸ್ಪತ್ರೆಗಳಲ್ಲಿ ರೋಗಿಯನ್ನು ಮುಟ್ಟುವವರು ಬೇರೆ, ಚೀಟಿ ಬರೆಯುವವರು ಬೇರೆ. ಮುಟ್ಟುವವರಿಗೆ ದುಡಿತ, ಬರೆಯುವವರಿಗೆ ದುಡ್ಡು. ಇದು ಆಸ್ಪತ್ರೆಯ ಶಿಸ್ತು ಅಂತ ನಮಗೆ ಹೇಳಿಕೊಡಲಾಗಿದೆ. ಅಲ್ಲ ಗೆಳೆಯರೇ, ಇದು ಊರಿನ ಶಿಸ್ತು. ಊರಿನ ಜಾತಿಪದ್ಧತಿಯೇ ಬಿಳಿ ಕೋಟು ತೊಟ್ಟು ಆಸ್ಪತ್ರೆಯೊಳಗೆ ಕುರ್ಚಿ ಹಾಕಿಕೊಂಡು ಕೂತಿದೆ.

ಮನುಸ್ಮೃತಿಯ ನಾಲ್ಕನೇ ಅಧ್ಯಾಯದಲ್ಲಿ ಯಾರ ಅನ್ನ ಉಣ್ಣಬಾರದು ಎಂಬ ಪಟ್ಟಿ ಇದೆ. ಆ ಪಟ್ಟಿಯಲ್ಲಿ ವೈದ್ಯನೂ ಇದ್ದಾನೆ. ಕೀವು, ರಕ್ತ ಮುಟ್ಟುವವನು ಅಲ್ಲವೇ! ಇಂಗ್ಲಿಷರ ಕಾಲದಲ್ಲಿ ವೈದ್ಯಕ್ಕೆ ಡಿಗ್ರಿ ಬಂತು. ಡಿಗ್ರಿಯ ಬೆನ್ನಿಗೆ ದುಡ್ಡು ಬಂತು, ಅಧಿಕಾರ ಬಂತು. ಮೈಲಿಗೆಯ ಕಸುಬು ರಾತ್ರೋರಾತ್ರಿ ಮಡಿಯಾಯಿತು. ಹಾಗಾದರೆ ಆ ಮೈಲಿಗೆ ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ. ಕೆಳಕ್ಕೆ ಜಾರಿತು. ಡಾಕ್ಟರಿಂದ ನರ್ಸಿಗೆ, ನರ್ಸಿನಿಂದ ಆಯಾಗೆ, ಆಯಾಳಿಂದ ಕಸ ಬಳಿಯುವವಳಿಗೆ. ಬಹಳ ಕಾಲ ಮೇಲ್ಜಾತಿಯ ಮನೆಗಳು ತಮ್ಮ ಹೆಣ್ಣುಮಕ್ಕಳನ್ನು ನರ್ಸಿಂಗಿಗೆ ಕಳಿಸಲಿಲ್ಲ. ಮಿಷನ್ ಆಸ್ಪತ್ರೆಗಳಲ್ಲಿ ಕ್ರೈಸ್ತ ಹೆಣ್ಣುಮಕ್ಕಳು ಈ ಕೆಲಸವನ್ನು ಹೆಗಲಿಗೆ ಹಾಕಿಕೊಂಡರು. ಜಾತಿಯೆಂದರೆ ಬರೀ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಒಡೆದು ಹಾಕುವುದು ಅಂತ ಅಂಬೇಡ್ಕರ್ 1936ರಲ್ಲೇ ಹೇಳಿದರು. ಅದರ ಅರ್ಥ ತಿಳಿಯಬೇಕಾದರೆ ಯಾವುದಾದರೂ ವಾರ್ಡಿನಲ್ಲಿ ಒಂದು ರಾತ್ರಿ ನಿಂತು ನೋಡಿದರೆ ಸಾಕು.

ಈಗ ನರ್ಸಿಗೂ ಪೆನ್ನು ಕೊಡುವ ಮಾತು ಬಂದಿದೆ. ಇದು ಹೊಸ ಮಾತೇನಲ್ಲ. ಅಮೆರಿಕದ ಕೊಲರಾಡೊದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸು, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ ಜೊತೆ ಸೇರಿ 'ನರ್ಸ್ ಪ್ರಾಕ್ಟೀಷನರ್' ತರಬೇತಿ ಶುರು ಮಾಡಿದರು. ಅಂದರೆ ರೋಗಿಯನ್ನು ಪರೀಕ್ಷೆ ಮಾಡಿ, ರೋಗ ಯಾವುದೆಂದು ಗುರುತಿಸಿ, ಔಷಧಿ ಬರೆಯುವ ನರ್ಸು. ಡಾಕ್ಟರು ಸಾಲದ ಕಡೆ ಈ ನರ್ಸು ನಿಲ್ಲಲಿ ಅನ್ನುವುದು ಅದರ ಉದ್ದೇಶ. ಇವತ್ತು ಆ ದೇಶದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅಂಥ ನರ್ಸು ಯಾವ ಡಾಕ್ಟರ ಸಹಿಗೂ ಕಾಯದೆ ರೋಗಿಯನ್ನು ನೋಡುತ್ತಾಳೆ.

ನಮ್ಮಲ್ಲಿ ಏನಾಯಿತು? ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಅಪ್ಪ ಹೊಲ ಅಡವಿಟ್ಟು ಖಾಸಗಿ ಕಾಲೇಜಿನ ಫೀಸು ಕಟ್ಟುತ್ತಾನೆ. ಅದರ ಮೇಲೆ ತೀವ್ರ ನಿಗಾ ಘಟಕಕ್ಕೆಂದು ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಕೋರ್ಸು ಮಾಡಿದ್ದಾರೆ. ಹೆರಿಗೆ ಕೆಲಸಕ್ಕೆ ನರ್ಸ್ ಪ್ರಾಕ್ಟೀಷನರನ್ನು ತಯಾರು ಮಾಡಲು 18 ತಿಂಗಳ ತರಬೇತಿ ಅಂತ ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ಬರೆಯಿತು. ಬರೆದದ್ದೇನೋ ಸರಿ. ಓದಿ ಬಂದವಳಿಗೆ ಆ ಹೆಸರಿನ ಹುದ್ದೆ ಎಲ್ಲಿ? ಆ ಹುದ್ದೆಗೆ ತಕ್ಕ ಸಂಬಳ ಎಲ್ಲಿ? ಕೋರ್ಸು ಕೊಟ್ಟು ಕುರ್ಚಿ ಕೊಡದಿರುವುದು ಊಟಕ್ಕೆ ಕರೆದು ಎಲೆ ಹಾಕದಿರುವ ಹಾಗೆ.

ಹಳ್ಳಿಗೆ ಬನ್ನಿ. 2018ರಿಂದ ಉಪಕೇಂದ್ರಗಳಲ್ಲಿ 'ಸಮುದಾಯ ಆರೋಗ್ಯ ಅಧಿಕಾರಿ' ಎಂಬವರನ್ನು ಕೂರಿಸುತ್ತಾ ಬಂದಿದ್ದಾರೆ. ನರ್ಸಿಂಗ್ ಓದಿದವರಿಗೆ ಆರು ತಿಂಗಳ ಸರ್ಟಿಫಿಕೇಟು ಕೋರ್ಸು. ಆಮೇಲೆ ಅದನ್ನೂ ಬಿ.ಎಸ್ಸಿ. ಪಠ್ಯದೊಳಗೇ ಸೇರಿಸಿದರು. ಬಯಲುಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಅಂತ ಲೆಕ್ಕ. ಹೆಸರಿಗೆ ಅಧಿಕಾರಿ. ಅಧಿಕಾರ ಏನು? ಬಿ.ಪಿ. ನೋಡು, ಸಕ್ಕರೆ ನೋಡು, ಬಸುರಿಯರನ್ನು ನೋಡು, ಕೆಮ್ಮುವವರ ಕಫ ಕಳಿಸು, ಡಾಕ್ಟರು ಮೊದಲೇ ಬರೆದ ಮಾತ್ರೆ ತಿಂಗಳು ತಿಂಗಳು ಹಂಚು, ಬೇರೇನಾದರೂ ಇದ್ದರೆ ಫೋನಿನಲ್ಲಿ ಡಾಕ್ಟರನ್ನು ಹುಡುಕು. ಇಷ್ಟೂ ಮಾಡಿ ಎಲ್ಲವನ್ನೂ ಟ್ಯಾಬಿನಲ್ಲಿ ತುಂಬು. ನೆಟ್‌ವರ್ಕ್ ಸಿಗದಿದ್ದರೆ ಗುಡ್ಡ ಹತ್ತು. ಮಧ್ಯರಾತ್ರಿ ಹೆರಿಗೆ ನೋವೆಂದು ಬಾಗಿಲು ಬಡಿದರೆ ಮಾತ್ರ ಯಾರೂ ಅವಳ ಅಧಿಕಾರದ ಮಿತಿ ಕೇಳುವುದಿಲ್ಲ. ಆಗ ಅವಳೇ ಡಾಕ್ಟರು. ಬೆಳಗಾದರೆ ಮತ್ತೆ 'ಏ ಸಿಸ್ಟರ್'.

ಅವಳು ನಮ್ಮ ಕೇರಿಯಿಂದ ಹೋದವಳಾದರೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಬಾಡಿಗೆಗೆ ಮನೆ ಕೇಳಿದರೆ ಮೊದಲ ಪ್ರಶ್ನೆ, 'ನೀವು ಯಾವ ಜನ?' ಅಂತ. ಅವಳ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳಬಹುದು, ಅವಳ ಕೈಯ ನೀರು ಕುಡಿಯಬಾರದು. ಚರ್ಮದೊಳಕ್ಕೆ ಹೋಗುವ ಔಷಧಿಗೆ ಇಲ್ಲದ ಮೈಲಿಗೆ ಗಂಟಲಲ್ಲಿ ಇಳಿಯುವ ನೀರಿಗೆ ಹೇಗೆ ಬಂತು ಸ್ವಾಮಿ?

ಇನ್ನು ಸಂಬಳದ ಮಾತು. ಈ ಅಧಿಕಾರಿಗೆ ತಿಂಗಳಿಗೆ 25,000 ರೂಪಾಯಿ, ಮೇಲೆ 15,000ದವರೆಗೆ ಪ್ರೋತ್ಸಾಹಧನ ಅಂತ ಕೇಂದ್ರದ ಮಾರ್ಗಸೂಚಿ. ಪ್ರೋತ್ಸಾಹಧನ ಎಂದರೆ ಎಷ್ಟು ಜನರನ್ನು ನೋಡಿದೆ, ಎಷ್ಟು ಎಂಟ್ರಿ ಮಾಡಿದೆ ಎಂಬ ಲೆಕ್ಕ. ಕಬ್ಬು ಕಡಿಯುವವರಿಗೆ ಟನ್ನಿನ ಲೆಕ್ಕದಲ್ಲಿ ಕೊಡುವ ಹಾಗೆ ಇವಳಿಗೆ ತಲೆಯ ಲೆಕ್ಕದಲ್ಲಿ ಕೊಡುವುದು. ಕೆಲಸ ಗುತ್ತಿಗೆ. ನಾಳೆ ಇರುತ್ತದೋ ಇಲ್ಲವೋ ತಿಳಿಯದು. ಅತಿಥಿ ಶಿಕ್ಷಕರಾಗಿ ದುಡಿಯುವ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖಾಸಗಿ ಆಸ್ಪತ್ರೆಗಳದು ಇನ್ನೂ ದೊಡ್ಡ ದರೋಡೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನರ್ಸುಗಳ ಸಂಬಳ ನೋಡಲು ಸಮಿತಿ ಮಾಡಿ ಎಂದಿತು. ಸಮಿತಿ ಹೇಳಿದ್ದೇನು? 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು. 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ 20,000ಕ್ಕೆ ಕಡಿಮೆ ಇರಕೂಡದು. ಕೇರಳದ ನರ್ಸುಗಳು ಕೈಕಟ್ಟಿ ಕೂರಲಿಲ್ಲ. ಸಂಘ ಕಟ್ಟಿದರು, ಬೀದಿಗಿಳಿದರು. 2018ರಲ್ಲಿ ಅಲ್ಲಿನ ಸರ್ಕಾರ 20,000 ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಬೇಕಾಯಿತು. ನಮ್ಮ ಊರುಗಳ ನರ್ಸಿಂಗ್ ಹೋಮುಗಳಲ್ಲಿ ದುಡಿಯುವ ಅಕ್ಕತಂಗಿಯರನ್ನು ಕೇಳಿ, ಕೈಗೆ ಎಷ್ಟು ಬರುತ್ತದೆ, ಮೂಲ ಸರ್ಟಿಫಿಕೇಟು ಯಾರ ಬೀರುವಿನಲ್ಲಿದೆ ಅಂತ. ಜೀತ ರದ್ದಾದದ್ದು 1976ರಲ್ಲಿ. ಸರ್ಟಿಫಿಕೇಟು ಒತ್ತೆ ಇಟ್ಟುಕೊಂಡು ದುಡಿಸುವುದಕ್ಕೆ ಬೇರೆ ಯಾವ ಹೆಸರಿದೆ?

2019ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಬಂತು. ಅದರ 32ನೇ ಕಲಮಿನಲ್ಲಿ 'ಸಮುದಾಯ ಆರೋಗ್ಯ ಸೇವಾದಾರ'ರಿಗೆ ಮಿತವಾದ ಲೈಸೆನ್ಸು ಕೊಡಬಹುದು, ಪ್ರಾಥಮಿಕ ಚಿಕಿತ್ಸೆಯಲ್ಲಿ ಗೊತ್ತುಮಾಡಿದ ಕೆಲವು ಔಷಧಿಗಳನ್ನು ಅವರೇ ಬರೆಯಬಹುದು ಅಂತ ಇದೆ. ಡಾಕ್ಟರರ ಸಂಘಕ್ಕೆ ಬೆಂಕಿ ಬಿತ್ತು. ಮಸೂದೆಯ ವಿರುದ್ಧ ಜುಲೈ 31ರಂದು ದೇಶದ ತುಂಬ ಮುಷ್ಕರ. ಅರೆಬರೆ ಓದಿದವರ ಕೈಗೆ ಬಡವರ ಪ್ರಾಣ ಕೊಡುತ್ತೀರಾ ಅಂತ ಕಣ್ಣೀರು. ಈ ಕಣ್ಣೀರು ಇಷ್ಟು ದಿನ ಎಲ್ಲಿತ್ತು? ಡಾಕ್ಟರಾದವರು ಒಂದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಬೇಕು ಅಂತ ಕರ್ನಾಟಕ 2012ರಲ್ಲಿ ಕಾಯ್ದೆ ಮಾಡಿದಾಗ ಕೋರ್ಟಿನ ಮೆಟ್ಟಿಲು ಹತ್ತಿದವರು ಯಾರು? ತಾವೂ ಬರುವುದಿಲ್ಲ, ಬರುವವಳ ಕೈಗೆ ಪೆನ್ನು ಕೊಡಲೂ ಬಿಡುವುದಿಲ್ಲ. ದೇವಸ್ಥಾನದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಪಟ್ಟಣ ಸೇರಿದ ಪೂಜಾರಿಯ ನ್ಯಾಯ ಇದು.

ನಮ್ಮ ಗೆಳೆಯರಲ್ಲೇ ಕೆಲವರು ಇನ್ನೊಂದು ಪ್ರಶ್ನೆ ಎತ್ತುತ್ತಾರೆ. ಪಟ್ಟಣದವರಿಗೆ ಪೂರಾ ಡಾಕ್ಟರು, ಹೊಲಗೇರಿಗೆ ಅರ್ಧ ಡಾಕ್ಟರೇ? ಇದು ಹಗುರಾದ ಪ್ರಶ್ನೆಯಲ್ಲ. ಆರು ತಿಂಗಳ ಕೋರ್ಸು ಮಾಡಿಸಿ, ಔಷಧಿಯಿಲ್ಲದ ಬೀರು ಕೊಟ್ಟು, ಆಂಬುಲೆನ್ಸು ಬರದ ಊರಿನಲ್ಲಿ ಒಬ್ಬಳನ್ನೇ ಬಿಟ್ಟು, 'ಹಳ್ಳಿಗೆ ಆರೋಗ್ಯ ತಲುಪಿಸಿದೆವು' ಅನ್ನುವ ಸರ್ಕಾರ ನಮಗೆ ಮೋಸವನ್ನೇ ಮಾಡುತ್ತದೆ. ಡಾಕ್ಟರು ಬೇಕು ಎಂಬ ಬೇಡಿಕೆಯನ್ನು ನಾವು ಬಿಡುವಂತಿಲ್ಲ. ಆದರೆ ಚೆನ್ನಾಗಿ ಕಲಿತ ನರ್ಸು ಅರ್ಧ ಡಾಕ್ಟರಲ್ಲ. ಅವಳು ಪೂರಾ ನರ್ಸು. ಅವಳನ್ನು ಅರ್ಧ ಮಾಡಿದ್ದು ಅರ್ಧ ತರಬೇತಿ, ಅರ್ಧ ಸಂಬಳ, ಅರ್ಧ ಹಕ್ಕು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ, ಕಾಸು ಕೇಳಲಿಲ್ಲ. 2018ರಲ್ಲಿ ಪದ್ಮಶ್ರೀ ಕೊಟ್ಟರು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಪದಕ ಕೊಟ್ಟದ್ದು ಸಂತೋಷ. ಆದರೆ ಅವರಂಥ ಸಾವಿರಾರು ಹೆಂಗಸರ ಕೈಯ ವಿದ್ಯೆಗೆ ಶಾಲೆ ಯಾಕೆ ಕಟ್ಟಲಿಲ್ಲ? 2005ರಿಂದ ಹೆರಿಗೆಯನ್ನು ಆಸ್ಪತ್ರೆಗೆ ತರಲು ಹಣ ಕೊಡುವ ಯೋಜನೆ ಬಂತು. ತಾಯಂದಿರು ಬದುಕಿಕೊಳ್ಳಲು ಆಸ್ಪತ್ರೆ ಬೇಕೇ ಬೇಕು. ಆದರೆ ಸೂಲಗಿತ್ತಿಯ ಮೊಮ್ಮಗಳು ಆ ಆಸ್ಪತ್ರೆಯಲ್ಲಿ ನೆಲ ಒರೆಸಬೇಕೋ, ಹೆರಿಗೆ ಮಾಡಿಸಬೇಕೋ? ಇದನ್ನು ತೀರ್ಮಾನಿಸುವುದು ಕಾಲೇಜಿನ ಫೀಸು.

ಪ್ರತಿ ಮೇ 12ರಂದು ಆಸ್ಪತ್ರೆಗಳಲ್ಲಿ ಮೇಣದಬತ್ತಿ ಹಚ್ಚುತ್ತಾರೆ, ದೀಪ ಹಿಡಿದ ನೈಟಿಂಗೇಲಳ ಪಟಕ್ಕೆ ಹಾರ ಹಾಕುತ್ತಾರೆ. ಹಾಕಲಿ. ಪಕ್ಕದಲ್ಲಿ ಸಾವಿತ್ರಿಬಾಯಿ ಫುಲೆಯ ಪಟ ಯಾಕಿಲ್ಲ? 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಾಗ ರೋಗಿಗಳ ಸೇವೆ ಮಾಡುತ್ತಾ, ರೋಗ ಹತ್ತಿಸಿಕೊಂಡು ಸತ್ತ ತಾಯಿ ಅವಳು. 2020ರಲ್ಲಿ ಕೊರೊನಾ ಬಂದಾಗ ನರ್ಸುಗಳಿಗಾಗಿ ತಟ್ಟೆ ಬಡಿದರು, ಆಕಾಶದಿಂದ ಹೂ ಸುರಿದರು. ಹೂವಿನಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ. 'ಸೇವೆ', 'ತ್ಯಾಗ', 'ತಾಯ್ತನ' ಎಂಬ ಮಾತುಗಳು ಸಂಬಳ ಕೇಳುವ ಬಾಯಿಗೆ ತುರುಕುವ ಬಟ್ಟೆ.

ನಮಗೆ ಬೇಕಾದದ್ದು ಇಷ್ಟು. ನರ್ಸ್ ಪ್ರಾಕ್ಟೀಷನರಿಗೆ ಕಾನೂನಿನಲ್ಲಿ ಹೆಸರು, ಬರೆಯಬಹುದಾದ ಔಷಧಿಗಳ ಪಟ್ಟಿ, ಕಾಯಂ ಹುದ್ದೆ, ಹೊಣೆಗೆ ತಕ್ಕ ಸಂಬಳ. ಆರು ತಿಂಗಳ ಅವಸರದ ತರಬೇತಿಯ ಬದಲು ರೋಗಿಯ ಮಗ್ಗುಲಲ್ಲೇ ಕಲಿಸುವ ಪೂರಾ ತರಬೇತಿ. ಸರ್ಕಾರಿ ನರ್ಸಿಂಗ್ ಕಾಲೇಜುಗಳಲ್ಲಿ ದಲಿತ ಹೆಣ್ಣುಮಕ್ಕಳಿಗೆ ಫೀಸಿಲ್ಲದ ಸೀಟು. ಉಪಕೇಂದ್ರದ ಪಕ್ಕದಲ್ಲೇ ವಸತಿ, ಜಾತಿ ಕೇಳುವವರ ಹಂಗಿಲ್ಲದ ವಸತಿ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ನಿಮ್ಮೂರಿನ ಉಪಕೇಂದ್ರಕ್ಕೆ ನಾಳೆಯೇ ಹೋಗಿ. ಬೀರುವಿನಲ್ಲಿ ಎಷ್ಟು ಔಷಧಿ ಇದೆ, ಎಷ್ಟು ಹುದ್ದೆ ಖಾಲಿ ಇವೆ, ಅಲ್ಲಿರುವವಳಿಗೆ ಎಷ್ಟು ತಿಂಗಳಿಂದ ಸಂಬಳವಿಲ್ಲ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿ. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಅಕ್ಷರ ನಮಗೆ ಸಿಕ್ಕಿದ್ದೂ ಬೇಡಿಕೊಂಡಲ್ಲ, ಹೋರಾಡಿ. ಔಷಧಿ ಚೀಟಿಯ ಅಕ್ಷರವೂ ಹಾಗೇ ಬರುತ್ತದೆ.