ದೀಪ ಆರಿಸಿದರೆ ದೋಷ ಹೋದೀತೇ?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ 14 ವರ್ಷದ ಹಳೆಯ ಕಾರನ್ನು ಸ್ಟಾರ್ಟ್ ಮಾಡಿದಾಗ ಹೊತ್ತಿಕೊಂಡ ‘ಎಬಿಎಸ್’ ಎಂಬ ಹಳದಿ ದೀಪ ಆರಲೇ ಇಲ್ಲ. ‘ಅಪ್ಪಾ, ಬ್ರೇಕ್ ಹೋಯ್ತಾ?’ ಎಂದು ಪಿಯುಸಿ ಓದುವ ಮಗಳು ಗಾಬರಿಯಾದಳು. ಗ್ಯಾರೇಜಿನವನು ಮಾತ್ರ, ‘ಬ್ರೇಕ್ ಹಿಡೀತಿದೆಯಲ್ಲ ಮೇಷ್ಟ್ರೇ, ಆ ದೀಪ ಉರಿಯದ ಹಾಗೆ ಮಾಡಿಕೊಡ್ತೀನಿ’ ಎಂದ. ಇಬ್ಬರ ಮಾತೂ ಅರ್ಧ ಸತ್ಯ.

ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಅಕ್ಕಿ ಮೂಟೆಯೊಂದನ್ನು ನೆಲದ ಮೇಲೆ ತಳ್ಳಿ ನೋಡಿ. ಅದನ್ನು ಕದಲಿಸಲು ಬೇಕಾದಷ್ಟು ಬಲ, ಜಾರತೊಡಗಿದ ಮೇಲೆ ಬೇಕಾಗುವುದಿಲ್ಲ. ಜಾರುವಾಗ ಘರ್ಷಣೆ ಕಡಿಮೆ. ಚಕ್ರಕ್ಕೂ ಇದೇ ನಿಯಮ. ಉರುಳುವ ಚಕ್ರ ರಸ್ತೆಯನ್ನು ಹಿಡಿದಿರುತ್ತದೆ. ಬ್ರೇಕ್ ಬಿಗಿದು ಉರುಳುವುದನ್ನೇ ನಿಲ್ಲಿಸಿದ ಚಕ್ರ ಜಾರುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದು. ಇದನ್ನು ತಪ್ಪಿಸಲು ಬಾಷ್ ಕಂಪನಿ 1978ರಲ್ಲಿ ಎಲೆಕ್ಟ್ರಾನಿಕ್ ಎಬಿಎಸ್ ಅನ್ನು ಮಾರುಕಟ್ಟೆಗೆ ತಂದಿತು. ಚಕ್ರ ಸ್ತಬ್ಧವಾಗುವ ಸೂಚನೆ ಸಿಕ್ಕೊಡನೆ ಅದು ಸೆಕೆಂಡಿಗೆ ಹಲವು ಬಾರಿ ಬ್ರೇಕಿನ ಒತ್ತಡವನ್ನು ಸಡಿಲಿಸಿ ಮತ್ತೆ ಬಿಗಿಯುತ್ತದೆ.

ಈ ಸೂಚನೆ ಕೊಡುವುದು ಚಕ್ರದ ಬಳಿಯಿರುವ ಸೆನ್ಸರ್. ಅನೇಕ ಹಳೆಯ ಕಾರುಗಳಲ್ಲಿ ಇದು ತಂತಿ ಸುತ್ತಿದ ಅಯಸ್ಕಾಂತ ಅಷ್ಟೇ. ಅದರೆದುರು ಹಲ್ಲುಗಳುಳ್ಳ ಉಂಗುರ ತಿರುಗಿದಾಗ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ, ನೀವು ಪಾಠದಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು! ಆದರೆ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟುತ್ತದೆ, ಉಂಗುರ ತುಕ್ಕು ಹಿಡಿಯುತ್ತದೆ, ವೈರು ತುಂಡಾಗುತ್ತದೆ. ಸೂಚನೆ ಕೆಟ್ಟಾಗ ಕಾರಿನ ಕಂಪ್ಯೂಟರ್ ಎಬಿಎಸ್ ಅನ್ನು ನಿಲ್ಲಿಸಿ ದೀಪ ಹೊತ್ತಿಸುತ್ತದೆ. ಸಾಮಾನ್ಯವಾಗಿ ಮಾಮೂಲಿ ಬ್ರೇಕ್ ಹಾಗೆಯೇ ಉಳಿದಿರುತ್ತದೆ.

ಹಾಗಾದರೆ ಚಿಂತೆಯೇಕೆ? ಚಾಲಕನ ಕಾಲು ಬೇರೆ ರೀತಿ ನಡೆದುಕೊಳ್ಳಬೇಕು, ಅದಕ್ಕೆ. ಎಬಿಎಸ್ ಇದ್ದಾಗ ಆಪತ್ತಿನಲ್ಲಿ ಪೆಡಲನ್ನು ಬಲವಾಗಿ ಒತ್ತಿ ಹಿಡಿದೇ ಇರಬೇಕು. ಇಲ್ಲದಾಗ ಹಾಗೆ ಮಾಡಿದರೆ ಚಕ್ರ ಜಾರೀತು. ಜಾರಿದೊಡನೆ ಕಾಲು ಸಡಿಲಿಸಿ ಮತ್ತೆ ಒತ್ತಬೇಕು. ದುರಸ್ತಿಯಾಗುವವರೆಗೆ ವೇಗ ತಗ್ಗಿಸಿ, ಮುಂದಿನ ವಾಹನದಿಂದ ಹೆಚ್ಚು ಅಂತರವಿಡಿ. ಬ್ರೇಕಿನ ಕೆಂಪು ದೀಪವೂ ಹೊತ್ತಿದರೆ ಅಥವಾ ಪೆಡಲ್ ಮೆತ್ತಗಾದರೆ ಕಾರು ಓಡಿಸಲೇಬೇಡಿ.

ನಾನು ಬೇರೊಂದು ಗ್ಯಾರೇಜಿಗೆ ಹೋದೆ. ಸ್ಕ್ಯಾನರ್ ಹಚ್ಚಿದಾಗ ಹಿಂದಿನ ಎಡಚಕ್ರದ ದೋಷ ಕಂಡಿತು. ಸೆನ್ಸರಿಗೆ ಮೆತ್ತಿದ್ದ ಕೆಸರು, ಕಬ್ಬಿಣದ ಪುಡಿ ಒರೆಸಿದ ಮೇಲೆ ದೀಪ ತಾನಾಗಿ ಆರಿತು.

ಹಳೆಯ ಕಾರು ಕೊಳ್ಳುವ ಪಾಲಕರಿಗೊಂದು ಮಾತು. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಿ, ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಎಬಿಎಸ್ ಇರುವ ಕಾರಿನಲ್ಲಿ ಅದು ಹೊತ್ತದೇ ಇದ್ದರೆ ಸಂಶಯಪಡಿ. ಯಾರೋ ಅದರ ಬಾಯಿ ಮುಚ್ಚಿಸಿರಬಹುದು. ಮುಂದೆ ಆ ಕಾರನ್ನು ಓಡಿಸುವವರು ನಿಮ್ಮ ಮಕ್ಕಳೇ ಅಲ್ಲವೇ?