ಅಲ್ಲದ ಚಹಾ, ಸೊಸೆಯ ಕೈಗುಣ

ಬೆಂಗಳೂರಿನವರಿಗೆ 'ಅಲ್ಲದ ಚಹಾ' ಎಂದರೆ ಚಹಾ ಅಲ್ಲದ ಮತ್ತೇನೋ ಅನ್ನಿಸೀತು. ಆಳಂದ, ಅಫಜಲಪುರ, ಜೇವರ್ಗಿಯ ಕಡೆ ಹಸಿಶುಂಠಿಗೆ ನಾವು ಅನ್ನುವುದೇ ಅಲ್ಲ.

ಈ ಚಹಾದ ಬಗ್ಗೆ ನನ್ನ ತಕರಾರು ರುಚಿಯದಲ್ಲ, ನ್ಯಾಯದ್ದು. ಹಾಲು ಒಡೆದರೆ ನಮ್ಮ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವವಳು ಸೊಸೆ. 'ಭಾಂಡಿ ಸರಿ ತೊಳದಿಲ್ಲ', 'ಆಕಿ ಕೈಗುಣಾನೇ ಹಂಗ' ಎಂಬ ಮಾತು ಬೀಗರು ಬಂದು ಕೂತಾಗಲೇ ಪಡಸಾಲೆಗೆ ಕೇಳುವಂತೆ ಬರುತ್ತದೆ. ಒಲೆಯ ಹತ್ತಿರ ಎಂದೂ ನಿಲ್ಲದ ಗಂಡಸರೂ ಹೌದೆಂದು ತಲೆಯಾಡಿಸುತ್ತಾರೆ.

ಹಾಲು ಒಡೆಯುವುದು ಕೈಗುಣದಿಂದಲ್ಲ. ಹಸಿ ಅಲ್ಲದೊಳಗೆ ಜಿಂಜಿಬೈನ್ ಎಂಬ ಕಿಣ್ವವಿದೆ. ಅದು ಹಾಲಿನ ಪ್ರೋಟೀನನ್ನು ಕಡಿಯುತ್ತದೆ. 60 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಅದರ ಆಟ ಜೋರು. ಮರಳುವ ನೀರಿನಲ್ಲಿ ಅಡಗಿಹೋಗುತ್ತದೆ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದವರು ಬೇಕೆಂದೇ ಬಿಸಿ ಹಾಲನ್ನು ಅಲ್ಲದ ರಸದ ಮೇಲೆ ಸುರಿದು, ಹೆಪ್ಪಾಗಿಸಿ, ಚಮಚದಲ್ಲಿ ತಿನ್ನುತ್ತಾರೆ. ಅಲ್ಲಿ ತಿನಿಸು, ಇಲ್ಲಿ ಸೊಸೆಯ ತಪ್ಪು!

ಕೆಲವರು ಅಲ್ಲದ ಗೊಡವೆಯೇ ಬೇಡವೆಂದು ಶುಂಠಿಪುಡಿಯ ಪೊಟ್ಟಣ ತರುತ್ತಾರೆ. ಒಣಶುಂಠಿಯ ಖಾರವೇ ಬೇರೆ, ಅದು ಕಷಾಯಕ್ಕೆ ಸೈ. ಪಕ್ಕದ ಬೀದರ ಜಿಲ್ಲೆಯ ಹೊಲಗಳಲ್ಲಿ ಅಲ್ಲ ಬೆಳೆಯುವಾಗ ಪೊಟ್ಟಣಕ್ಕೇಕೆ ರೊಕ್ಕ?

ಬೆರಳ ಗೆಣ್ಣಿನಷ್ಟು ಅಲ್ಲ ಜಜ್ಜಿ, ಬರೀ ನೀರಿಗೆ ಹಾಕಿ, ನಾಲ್ಕೈದು ನಿಮಿಷ ಚೆನ್ನಾಗಿ ಕುದಿಸಿ. ಆಮೇಲೆ ಚಹಾಪುಡಿ, ಸಕ್ಕರೆ. ಕಡೆಗೆ ಕಾಯಿಸಿದ ಹಾಲು. ಇಷ್ಟಾಗಿಯೂ ಒಡೆದರೆ ಹಾಲೇ ಹುಳಿಗೆ ತಿರುಗಿತ್ತೆಂದು ತಿಳಿಯಿರಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಸೊಸೆ ಏನು ಮಾಡಿಯಾಳು?