ಪೆಟ್ಟಿಗೆಯಲ್ಲಿದ್ದ ಹೆಬ್ಬಾವು



ಹಾವೊಂದರ ಸಲುವಾಗಿ ಸಂಘದ ಜೀಪನ್ನು ಎರಡು ಬಾರಿ ಓಡಿಸಿದ್ದು ಸರಿಯೇ ಎಂದು ಕಳೆದ ಆಡಳಿತ ಮಂಡಳಿಯ ಸಭೆಯಲ್ಲಿ ಪ್ರಶ್ನೆ ಬಂದಿತು. ಡೀಸೆಲ್ ಖರ್ಚನ್ನು ನಾವೇ ಭರಿಸಿದ್ದರಿಂದ ಲೆಕ್ಕದ ಮಾತು ಅಲ್ಲಿಗೆ ಮುಗಿಯಿತು. ವಿಷಯ ಮಾತ್ರ ಮುಗಿದಿಲ್ಲವೆಂಬುದು ನಮ್ಮ ಅಭಿಪ್ರಾಯ.

ನಡೆದದ್ದಿಷ್ಟು. ತೋಟದಲ್ಲಿ ಕಳೆ ಹೊಡೆಸುವಾಗ ಸಿಕ್ಕಿದ ಹೆಬ್ಬಾವಿನ ಮರಿಯನ್ನು ಸದಸ್ಯರೊಬ್ಬರ ಮಗ ತಂತಿಬಲೆಯ ಪೆಟ್ಟಿಗೆಯಲ್ಲಿಟ್ಟು ಸಾಕಿದ್ದ. ಬಂದ ನೆಂಟರಿಗೆಲ್ಲ ಅದೇ ತಮಾಷೆ. ಹುಡುಗ ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ ಪೆಟ್ಟಿಗೆ ಅಡಿಕೆ ಅಟ್ಟದ ಮೂಲೆ ಸೇರಿತು. ಮನೆಯವರು ನೆನಪಾದಾಗ ಜೀವಂತ ಹೆಗ್ಗಣವೊಂದನ್ನು ಒಳಗೆ ಬಿಡುತ್ತಿದ್ದರಂತೆ. ನಿತ್ರಾಣವಾದ ಹಾವು ಅದನ್ನು ಹಿಡಿಯಲಿಲ್ಲ. ಹೆಗ್ಗಣವೇ ಹಾವಿನ ಬೆನ್ನನ್ನು ಕಡಿದು ಹುಣ್ಣು ಮಾಡಿತ್ತು.

ನಾವು ನೋಡಿದಾಗ ಬೆನ್ನೆಲುಬು ಎದ್ದು ಕಾಣುತ್ತಿತ್ತು. ಹಳೆಯ ಪೊರೆ ಚಕ್ಕೆಚಕ್ಕೆಯಾಗಿ ಮೈಗಂಟಿ, ಕಣ್ಣಿನ ಮೇಲೂ ಉಳಿದಿತ್ತು. ನೀರಿನ ಬಟ್ಟಲು ಒಣಗಿತ್ತು. "ಈಗಲೇ ಕಾಡಿಗೆ ಬಿಟ್ಟುಬಿಡೋಣ ಮಾರಾಯ್ರೆ" ಎಂದರು ಜೊತೆಗಿದ್ದವರೊಬ್ಬರು. ಒಳ್ಳೆಯ ಮನಸ್ಸಿನ ಮಾತೇ; ಆದರೆ ಆ ಸ್ಥಿತಿಯಲ್ಲಿ ಬಿಟ್ಟಿದ್ದರೆ ಕೊಂದಂತೆಯೇ ಆಗುತ್ತಿತ್ತು. ಅರಣ್ಯ ಇಲಾಖೆಗೆ ತಿಳಿಸಿ, ಅವರ ಸುಪರ್ದಿನಲ್ಲಿಯೇ ಪಶುವೈದ್ಯರಲ್ಲಿಗೆ ಒಯ್ದೆವು.

ವೈದ್ಯರು ಮೊದಲು ಆಹಾರವನ್ನೇ ಕೊಡಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಮಲಗಿಸಿದರು, ಒದ್ದೆ ಗೋಣಿತಾಟಿನೊಳಗೆ ಬಿಟ್ಟರು. ಪೊರೆ ಮೆತ್ತಗಾಗಿ ಬಿಡತೊಡಗಿತು. ಕಣ್ಣಿನ ಮೇಲಿನದನ್ನು ಕಿತ್ತರೆ ಕಣ್ಣಿಗೇ ಅಪಾಯವಂತೆ, ಅದನ್ನು ಮುಟ್ಟಲಿಲ್ಲ. ಹುಣ್ಣಿಗೆ ಔಷಧ, ಚುಚ್ಚುಮದ್ದು. ವಾರ ಕಳೆದ ಮೇಲೆ ಒಂದೇ ಒಂದು ಚಿಕ್ಕ ಇಲಿ, ಅದೂ ಸತ್ತದ್ದು. ಬಹುಕಾಲ ಉಪವಾಸವಿದ್ದ ಹಾವಿಗೆ ದೊಡ್ಡ ತುತ್ತು ಕೊಟ್ಟರೆ ಅರಗದೆ ಕಕ್ಕುತ್ತದೆ. ಹಾಲು ಕೊಡಲಿಲ್ಲವೇ ಎಂದು ನಮ್ಮ ಮನೆಯಲ್ಲೂ ಕೇಳಿದರು. ಹಾಲು ಹಾವಿನ ಆಹಾರವಲ್ಲ. ಬಾಯಾರಿದ್ದರೆ ಕುಡಿದೀತು, ಅಷ್ಟೆ.

ತಾನಾಗಿ ಬೇಟೆ ಹಿಡಿಯುತ್ತದೆಂದು ಖಾತ್ರಿಯಾದ ಮೇಲೆ, ಮೂರನೆಯ ತಿಂಗಳಿನಲ್ಲಿ, ಅದು ಸಿಕ್ಕಿದ ಜಾಗದ ಹತ್ತಿರದ ಹಳ್ಳದ ಅಂಚಿಗೇ ಇಲಾಖೆಯವರು ಬಿಟ್ಟರು. ದೂರದ ಗುರುತಿಲ್ಲದ ಕಾಡಿಗಿಂತ ಅದೇ ಲೇಸು.

ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯಲ್ಲಿದೆ. ಮನೆಯಲ್ಲಿಟ್ಟುಕೊಂಡರೆ 3ರಿಂದ 7 ವರ್ಷದ ಸೆರೆವಾಸವಿದೆ. ಕಾನೂನಿನ ಮಾತು ಹಾಗಿರಲಿ, ನಮ್ಮ ಕಸುಬಿನ ಮಾತನ್ನೇ ಆಡೋಣ. ಏಲಕ್ಕಿ ಕಾಯಿಗೆ, ಕೋಕೋ ಕೋಡಿಗೆ ಬಾಯಿ ಹಾಕುವ ಇಲಿಗಳಿಗೆಂದು ನಾವು ದುಡ್ಡು ಕೊಟ್ಟು ಪಾಷಾಣ ಒಯ್ಯುತ್ತೇವೆ. ಬಿಲದೊಳಕ್ಕೇ ನುಗ್ಗಿ ಇಲಿ ಹಿಡಿಯುವ ಕೇರೆ ಹಾವನ್ನು ಮಾತ್ರ ಕಂಡಲ್ಲಿ ಬಡಿಯುತ್ತೇವೆ, ಇಲ್ಲವೇ ಡಬ್ಬಕ್ಕೆ ತುಂಬುತ್ತೇವೆ. ಡಬ್ಬದಲ್ಲಿರುವ ಹಾವು ಯಾರ ತೋಟದ ಇಲಿಯನ್ನು ಹಿಡಿದೀತು?

ಇಂಥ ಪೆಟ್ಟಿಗೆ ಇನ್ನಾರ ಅಟ್ಟದಲ್ಲಾದರೂ ಇದ್ದರೆ ತಾವೇ ಉಪಚಾರಕ್ಕಿಳಿಯದೆ ಅರಣ್ಯ ಕಚೇರಿಗೆ ತಿಳಿಸತಕ್ಕದ್ದು. ಸಂಕೋಚವಾದರೆ ನಮಗೆ ತಿಳಿಸಿರಿ, ಜೀಪು ಕಳುಹಿಸುತ್ತೇವೆ. ಡೀಸೆಲ್ಲು ಯಾರ ಲೆಕ್ಕಕ್ಕೆಂಬುದನ್ನು ಮುಂದಿನ ಸಭೆಯಲ್ಲಿ ತೀರ್ಮಾನಿಸೋಣ.

— ಕಾರ್ಯದರ್ಶಿ